ದಾರಿ ಹೋಯಿತು, ಗೇಟು ಉಳಿಯಿತು

ಗದಗಿನಿಂದ ಹೊಸಪೇಟೆಯತ್ತ ಸಾಗುವ ರೈಲಿನಲ್ಲಿ ಕಿಟಕಿಯ ಮಗ್ಗುಲಲ್ಲಿ ಸ್ಥಳ ದೊರೆತವರಿಗೆ ಹೊತ್ತು ಕಳೆಯುವುದು ಕಷ್ಟವಲ್ಲ. ಬನ್ನಿಕೊಪ್ಪ, ತಳಕಲ್, ಭಾನಾಪುರ, ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ಎಂದು ನಿಲ್ದಾಣಗಳ ಹೆಸರನ್ನು ಓದುತ್ತ, ಎರೆಯ ಹೊಲಗಳನ್ನೂ ಬಂಡೆಗಲ್ಲಿನ ಗುಡ್ಡಗಳನ್ನೂ ನೋಡುತ್ತ ಕುಳಿತರೆ ತುಂಗಭದ್ರೆಯ ಸೇತುವೆ ಬಂದದ್ದೇ ತಿಳಿಯುವುದಿಲ್ಲ. ನಡುನಡುವೆ ರಸ್ತೆಗಳು ಹಳಿಗೆ ಅಡ್ಡ ಬರುತ್ತವೆ. ಮುಚ್ಚಿದ ಗೇಟಿನ ಆಚೆಗೂ ಈಚೆಗೂ ಮೋಟಾರು ಸೈಕಲ್ಲುಗಳು, ಹತ್ತಿಯ ಚೀಲ ಹೇರಿದ ಟ್ರ್ಯಾಕ್ಟರು, ರೈಲಿಗೆ ಕೈಬೀಸುವ ಮಕ್ಕಳು ಒಂದು ಕ್ಷಣ ಕಂಡು ಮರೆಯಾಗುತ್ತಾರೆ.

ರೈಲುದಾರಿಗಳಲ್ಲಿ ಇನ್ನೊಂದು ಬಗೆಯ ಗೇಟೂ ಉಂಟು. ಅಲ್ಲಿ ಯಾರೂ ಕಾಯುತ್ತ ನಿಂತಿರುವುದಿಲ್ಲ. ಎರಡೂ ಕಡೆ ಕಂಬಗಳಿವೆ. ಗೇಟಿನವನಿಗಾಗಿ ಕಟ್ಟಿದ ಚಿಕ್ಕ ಮನೆಯಿದೆ. ಹಳಿಯ ಒಳಮಗ್ಗುಲಿಗೆ ಜೋಡಿಸಿದ ಎರಡನೆಯ ಹಳಿಯೂ, ಗಾಲಿಯ ಅಂಚು ಹಾಯಲೆಂದು ಬಿಟ್ಟ ಎರಡು ಅಂಗುಲದ ಸಂದೂ ಹಾಗೆಯೇ ಇವೆ. ಇಲ್ಲದಿರುವುದು ರಸ್ತೆಯೊಂದೇ. ಹುಣಿಸೆಯ ಮರಗಳ ನೆರಳಿನಲ್ಲಿ ನೇರವಾಗಿ ಬಂದ ಹಳೆಯ ರಸ್ತೆ ಒಂದು ಮಣ್ಣಿನ ದಿಬ್ಬಕ್ಕೆ ಮುಟ್ಟಿ ನಿಂತುಬಿಡುತ್ತದೆ. ಕೂಗಳತೆಯ ದೂರದಲ್ಲಿ ಹೊಸ ಮೇಲ್ಸೇತುವೆಯೊಂದು ತಲೆಯೆತ್ತಿರುತ್ತದೆ. ವಾಹನಗಳೆಲ್ಲ ಅದರ ಬೆನ್ನೇರಿ ಹೋಗುತ್ತಿರುತ್ತವೆ.

ಬಾಗಿಲು ಇದ್ದು ಮನೆ ಇಲ್ಲದಂತಹ ಈ ನೋಟವನ್ನು ಕಂಡು ನಗುವವರು ಉಂಟು. ಆದರೆ ನಗುವ ಮುನ್ನ ಗೇಟಿನ ಕಂಬದ ಬುಡವನ್ನು ಒಮ್ಮೆ ನೋಡಬೇಕು. ಅಲ್ಲಿ ಹುಲ್ಲು ಸವೆದು, ಒಂದು ಗೇಣು ಅಗಲದ ಬಿಳಿಯ ಜಾಡು ದಿಬ್ಬವನ್ನು ಬಳಸಿ, ಹಳಿಯನ್ನು ದಾಟಿ, ಆಚೆಯ ರಸ್ತೆಯನ್ನು ಸೇರಿರುತ್ತದೆ. ರಸ್ತೆ ಮುಚ್ಚಿದೆಯೆಂದು ಕಾಗದ ಹೇಳುತ್ತದೆ; ಕಾಲುಗಳು ಅದನ್ನು ಒಪ್ಪಿಲ್ಲ. ಈ ಗೇಣು ಅಗಲದ ಜಾಡಿನ ವಿಚಾರವೇ ಇಲ್ಲಿ ಹೇಳಬೇಕಾದದ್ದು.

*

ಕೊಪ್ಪಳದ ಸೀಮೆಗೆ ರೈಲು ಬಂದದ್ದು ಬರದ ನೆನಪಿನಲ್ಲಿ. 1876ರಿಂದ 1878ರವರೆಗೆ ಧಾತು-ಈಶ್ವರ ಸಂವತ್ಸರಗಳ ಕ್ಷಾಮವು ದಕ್ಷಿಣದ ನಾಡನ್ನು ಸುಟ್ಟಾಗ, ಒಂದೆಡೆ ಧಾನ್ಯವಿದ್ದರೂ ಇನ್ನೊಂದೆಡೆಗೆ ಅದನ್ನು ಒಯ್ಯುವ ಸಾಧನವಿಲ್ಲದೆ ಜನ ಸತ್ತರು. ಅನಂತರ 1880ರ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲುದಾರಿ ಹಾಕಬೇಕೆಂದಿತು. ಆ ಉದ್ದೇಶದಿಂದಲೇ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯು 1880ರ ದಶಕದಲ್ಲಿ ಹುಬ್ಬಳ್ಳಿ, ಗದಗು, ಹೊಸಪೇಟೆ, ಬಳ್ಳಾರಿಗಳನ್ನು ಮೀಟರ್ ಗೇಜಿನ ಹಳಿಯಿಂದ ಜೋಡಿಸಿತು. ಕೊಪ್ಪಳ ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಸಾಲಾರ್‌ಜಂಗರ ಜಹಗೀರಿಯಾಗಿತ್ತು.

ರೈಲು ಬರುವುದಕ್ಕಿಂತ ಮುಂಚೆಯೇ ದಾರಿಗಳಿದ್ದುವು. ಕುಷ್ಟಗಿ, ಯಲಬುರ್ಗಾಗಳ ಕಡೆಯಿಂದ ಕೊಪ್ಪಳದ ಪೇಟೆಗೆ ಬರುವ ಚಕ್ಕಡಿಯ ದಾರಿಗಳು, ಊರಿನಿಂದ ಹೊಲಕ್ಕೆ ಹೋಗುವ ದಾರಿಗಳು, ದನಗಳ ಹಾದಿ, ಕೆರೆಯ ಹಾದಿ. ಇವೆಲ್ಲವನ್ನೂ ಕಬ್ಬಿಣದ ಗೆರೆಯೊಂದು ಅಡ್ಡಲಾಗಿ ಕತ್ತರಿಸಿತು. ಕತ್ತರಿಸಿದವರೇ ಹೊಲಿಗೆ ಹಾಕಿಕೊಡಬೇಕೆಂಬುದು ನ್ಯಾಯ. ಇಂಗ್ಲೆಂಡಿನಲ್ಲಿ 1845ರ ಕಾಯಿದೆ ಅದನ್ನು ವಿಧಿಸಿತ್ತು. ಭಾರತದ ರೈಲ್ವೆಗಳಿಗೆ 1890ರಲ್ಲಿ ಬಂದ ಕಾಯಿದೆಯೂ ಅದನ್ನೇ ವಿಧಿಸಿತು. ಯಾರ ನೆಲವನ್ನು ಹಳಿ ಸೀಳಿದೆಯೋ ಅವರಿಗೆ ದಾಟಲು ಅನುಕೂಲ ಮಾಡಿಕೊಡುವುದು ರೈಲ್ವೆಯ ಹೊಣೆ. ಗೇಟುಗಳು ಹುಟ್ಟಿದ್ದು ಹೀಗೆ. ಅವು ರೈಲ್ವೆಯು ತೋರಿದ ದಯೆಯಲ್ಲ, ತೀರಿಸಿದ ಋಣ.

ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇತ್ತು. 1989ರ ರೈಲ್ವೆ ಕಾಯಿದೆಯಲ್ಲಿಯೂ ಅದು ಮುಂದುವರಿಯಿತು. ಒಮ್ಮೆ ದಾಟುವ ಅನುಕೂಲವನ್ನು ಮಾಡಿಕೊಟ್ಟ ಮೇಲೆ, ರಸ್ತೆಯ ಒಡೆತನವುಳ್ಳವರು ತಾವಾಗಿ ರಸ್ತೆಯನ್ನು ಬೇರೆಡೆಗೆ ತಿರುಗಿಸಿದರೆ, ಅಲ್ಲಿ ಮತ್ತೊಂದು ಅನುಕೂಲ ಕಲ್ಪಿಸೆಂದು ರೈಲ್ವೆಯನ್ನು ಒತ್ತಾಯಿಸುವಂತಿಲ್ಲ. ಬಹುಕಾಲದ ಮೇಲೆ ಹೊಸದಾಗಿ ದಾಟುದಾರಿ ಬೇಕೆಂದವರು ಅದರ ವೆಚ್ಚವನ್ನು ತಾವೇ ಹೊರಬೇಕು. ಒಂದು ಗೇಟನ್ನು ಕಳೆದುಕೊಂಡರೆ ಮತ್ತೆ ಪಡೆಯುವುದು ಸುಲಭವಲ್ಲವೆಂಬ ಈ ಅರಿವು ಹಳ್ಳಿಯ ಹಿರಿಯರಿಗೆ ಕಾಯಿದೆಯ ಪುಸ್ತಕ ನೋಡದೆಯೇ ಇದೆ. ರಸ್ತೆ ಹೋದ ಮೇಲೂ ಗೇಟು ಹೋಗದಿರಲು ಇದೊಂದು ಕಾರಣ.

*

ಗೇಟು ಎಂದರೆ ಬರಿಯ ಅಡ್ಡಗಂಬಿಯಲ್ಲ; ಅದರ ಹಿಂದೆ ದೊಡ್ಡ ವ್ಯವಸ್ಥೆಯೇ ಇದೆ. ಗೇಟಿಗೊಂದು ಸಂಖ್ಯೆ ಉಂಟು. ಅದಕ್ಕೆ 600 ಮೀಟರು ಮೊದಲೇ ಹಳದಿ ಫಲಕವೊಂದು ನಿಂತಿರುತ್ತದೆ. ಅದನ್ನು ಕಂಡೊಡನೆ ಚಾಲಕನು ಸೀಟಿ ಹಾಕಬೇಕು. ಪಕ್ಕದ ನಿಲ್ದಾಣದ ಮಾಸ್ತರರಿಗೂ ಗೇಟ್‌ಮನ್ನನಿಗೂ ದೂರವಾಣಿಯಲ್ಲಿ ಮಾತುಕತೆ ನಡೆಯುತ್ತದೆ. ಗೇಟು ಮುಚ್ಚಿದೆಯೆಂಬುದಕ್ಕೆ ಸಾಕ್ಷಿಯಾಗಿ ಅವನು ತನ್ನ ಬಳಿಯ ಪಟ್ಟಿಯಿಂದ ಗುಪ್ತ ಸಂಖ್ಯೆಯೊಂದನ್ನು ಹೇಳುತ್ತಾನೆ; ಅದನ್ನು ಬರೆದುಕೊಂಡ ಮೇಲೆಯೇ ಮುಂದಿನ ಕೆಲಸ. ಸಿಗ್ನಲ್ಲಿನೊಡನೆ ಬೆಸೆದ ಗೇಟುಗಳಲ್ಲಿಯಂತೂ ಗೇಟು ಮುಚ್ಚಿ ಬೀಗ ಬೀಳುವ ತನಕ ರೈಲಿಗೆ ಹಸುರು ದೀಪವೇ ದೊರೆಯದು.

ಈ ಯಂತ್ರದ ನಡುವೆ ಮನುಷ್ಯನ ದನಿಯೂ ಇತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿ ಗೇಟಿನ ಬಳಿ ನಿಂತು, “ತಮ್ಮಾ, ಗಾಡಿ ಬಿಟ್ಟೈತೇನು?” ಎಂದು ಕೇಳುವಳು. “ಬಿಟ್ಟೈತಿ ಯವ್ವಾ, ಸ್ವಲ್ಪ ನಿಂದ್ರು” ಎಂದು ಅವನು ಕೈ ಅಡ್ಡ ಹಿಡಿಯುವನು. ಅಷ್ಟೇ ಮಾತು. ಆದರೆ ಆ ಮಾತಿನಿಂದ ಉಳಿದ ಜೀವಗಳನ್ನು ಯಾವ ಖಾತೆಯಲ್ಲಿಯೂ ಬರೆದಿಟ್ಟಿಲ್ಲ.

ಹಾಗಾದರೆ ಗೇಟುಗಳನ್ನು ತೆಗೆಯುವುದು ತಪ್ಪೆ? ಖಂಡಿತ ಅಲ್ಲ. ರಸ್ತೆಯೂ ಹಳಿಯೂ ಒಂದೇ ಮಟ್ಟದಲ್ಲಿ ಕೂಡುವುದು ಅಪಾಯವೇ ಸರಿ. 2014ರ ಜುಲೈ 24ರಂದು ತೆಲಂಗಾಣದ ಮೇದಕ ಜಿಲ್ಲೆಯ ಮಾಸಾಯಿಪೇಟೆಯ ಬಳಿ, ಕಾವಲಿಲ್ಲದ ದಾಟುದಾರಿಯಲ್ಲಿ ಶಾಲೆಯ ಬಸ್ಸಿಗೆ ರೈಲು ಬಡಿದು ಹಲವು ಮಕ್ಕಳು ಮಡಿದರು. ಆ ಬೆಳಗನ್ನು ಮರೆಯುವುದು ಯಾರಿಗೂ ಸಾಧ್ಯವಲ್ಲ. ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ಸುರಕ್ಷತಾ ಸಮಿತಿಯು 1912ರಲ್ಲಿ ಅಲ್ಲ, ಅದಕ್ಕೆ ನೂರು ವರ್ಷಗಳ ಈಚೆಗೆ, 2012ರಲ್ಲಿ, ದೇಶದ ಎಲ್ಲ ದಾಟುದಾರಿಗಳನ್ನೂ ಐದು ವರ್ಷಗಳಲ್ಲಿ ತೆಗೆದುಹಾಕಬೇಕೆಂದು ಹೇಳಬೇಕಾಯಿತೆಂಬುದೇ ಕೆಲಸ ಎಷ್ಟು ತಡವಾಯಿತೆಂಬುದನ್ನು ತೋರಿಸುತ್ತದೆ. 2019ರ ಜನವರಿಯ ಕೊನೆಯ ಹೊತ್ತಿಗೆ ಬ್ರಾಡ್ ಗೇಜ್ ದಾರಿಗಳಲ್ಲಿ ಕಾವಲಿಲ್ಲದ ದಾಟುದಾರಿಗಳೆಲ್ಲ ಇಲ್ಲವಾದುವು. ಇದು ಮೆಚ್ಚತಕ್ಕ ಕೆಲಸ. ಕೊಪ್ಪಳದ ಹಾದಿಯೂ ಮೊದಲಿನಂತಿಲ್ಲ. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದಿದೆ. ಒಂಟಿ ಹಳಿ ಜೋಡಿಯಾಗಿದೆ. ಮೇಲೆ ವಿದ್ಯುತ್ತಿನ ತಂತಿ ಓಡಿದೆ. ಉಗಿಯ ಎಂಜಿನ್ನು ಏದುತ್ತ ಬರುವುದನ್ನು ಮೈಲಿಯ ದೂರದಿಂದ ಕೇಳಬಹುದಾಗಿತ್ತು. ವಿದ್ಯುತ್ತಿನ ರೈಲು ಹತ್ತಿರ ಬರುವ ತನಕ ತನ್ನ ಸುಳಿವನ್ನೇ ಕೊಡುವುದಿಲ್ಲ.

*

ಎಡವಟ್ಟು ಇರುವುದು ಗೇಟನ್ನು ತೆಗೆಯುವುದರಲ್ಲಿ ಅಲ್ಲ, ಲೆಕ್ಕ ಹಾಕುವುದರಲ್ಲಿ.

ಯಾವ ಗೇಟಿಗೆ ಮೇಲ್ಸೇತುವೆ ಬೇಕೆಂಬುದನ್ನು ತೀರ್ಮಾನಿಸಲು ರೈಲ್ವೆಯವರಲ್ಲಿ ಒಂದು ಗುಣಾಕಾರವಿದೆ. ದಿನಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ದಿನಕ್ಕೆ ದಾಟುವ ವಾಹನಗಳ ಸಂಖ್ಯೆಯಿಂದ ಗುಣಿಸುತ್ತಾರೆ. ನಲವತ್ತು ರೈಲು, ಎರಡೂವರೆ ಸಾವಿರ ವಾಹನ ಎಂದರೆ ಗುಣಲಬ್ಧ ಒಂದು ಲಕ್ಷ. ರೈಲ್ವೆಯೂ ರಾಜ್ಯ ಸರ್ಕಾರವೂ ವೆಚ್ಚವನ್ನು ಹಂಚಿಕೊಂಡು ಸೇತುವೆ ಕಟ್ಟಲು ಬಹುಕಾಲದಿಂದ ಬಂದ ಅಳತೆ ಇದು. ಈ ಲೆಕ್ಕದಲ್ಲಿ ಮೋಟಾರು ಒಂದು ಎಂದು ಎಣಿಕೆಯಾಗುತ್ತದೆ, ಚಕ್ಕಡಿಯೂ ಒಂದು ಎಂದು ಎಣಿಕೆಯಾಗುತ್ತದೆ, ಸಣ್ಣ ವಾಹನಗಳಿಗೆ ಅದಕ್ಕಿಂತ ಕಡಿಮೆ ಅಂಶ. ನಡೆದು ದಾಟುವವರಿಗೆ ಅಂಶವೇ ಇಲ್ಲ. ಹುಲ್ಲಿನ ಹೊರೆಯ ಮುದುಕಿ ದಿನಕ್ಕೆ ನಾಲ್ಕು ಸಲ ದಾಟಿದರೂ ಆ ಗುಣಾಕಾರಕ್ಕೆ ಅವಳು ಸೊನ್ನೆ.

ಎಣಿಸುವ ದಿನಗಳ ಮಾತೂ ಹಾಗೆಯೇ. ಮುನಿರಾಬಾದಿನ ಬಳಿಯ ಹುಲಿಗಿಯಲ್ಲಿ ಹುಲಿಗೆಮ್ಮ ದೇವಿಯ ಗುಡಿಯಿದೆ. ಮಂಗಳವಾರ, ಶುಕ್ರವಾರ ಬಂದರೆ ಭಕ್ತರು ಹೆಚ್ಚು; ಹುಣ್ಣಿಮೆ ಬಂದರೆ ಜನಸಾಗರ. ಕೊಪ್ಪಳದಲ್ಲಿ ಜನವರಿಯ ಸುಮಾರಿಗೆ ಗವಿಸಿದ್ಧೇಶ್ವರನ ಜಾತ್ರೆ. ಸುತ್ತಲಿನ ಹಳ್ಳಿಗಳಿಂದ ಮಹಾದಾಸೋಹಕ್ಕೆಂದು ಜೋಳದ ರೊಟ್ಟಿಯ ರಾಶಿಗಳು ಬರುತ್ತವೆ; ಹಳಿಯ ಉತ್ತರಕ್ಕಿರುವ ಊರುಗಳ ಜನ ಬರಬೇಕಾದರೆ ಹಳಿಯನ್ನು ದಾಟಲೇಬೇಕು. ಸಾಮಾನ್ಯ ವಾರವೊಂದರಲ್ಲಿ ಗೇಟಿನ ಬಳಿ ಕುಳಿತು ಎಣಿಸಿದವನ ಪುಸ್ತಕದಲ್ಲಿ ಹುಣ್ಣಿಮೆಯೂ ಇಲ್ಲ, ಜಾತ್ರೆಯೂ ಇಲ್ಲ.

ಹೀಗೆ ಚಕ್ರಗಳನ್ನು ಮಾತ್ರ ಎಣಿಸಿ ಕಟ್ಟಿದ ಸೇತುವೆ ಚಕ್ರಗಳಿಗೆ ಮಾತ್ರ ಒಪ್ಪುತ್ತದೆ. ಸಣ್ಣದೊಂದು ಲೆಕ್ಕ ನೋಡಬಹುದು. ತಂತಿಯ ಮೇಲಿನಿಂದ ಹಾಯಬೇಕಾದ ಸೇತುವೆಯ ರಸ್ತೆ ಹಳಿಯಿಂದ ಸುಮಾರು ಎಂಟು ಮೀಟರು ಎತ್ತರದಲ್ಲಿರಬೇಕು. ಮೂವತ್ತು ಮೀಟರು ಸಾಗಿದರೆ ಒಂದು ಮೀಟರು ಏರುವ ಇಳಿಜಾರಾದರೆ ಏರುವುದಕ್ಕೆ 240 ಮೀಟರು, ಇಳಿಯುವುದಕ್ಕೆ ಅಷ್ಟೇ. ಇಪ್ಪತ್ತು ಹೆಜ್ಜೆಯಲ್ಲಿ ದಾಟಬಹುದಾದ ಹಳಿಗೆ ಅರ್ಧ ಕಿಲೋಮೀಟರು ನಡೆಯಬೇಕು, ಅದೂ ಲಾರಿಗಳ ಪಕ್ಕದಲ್ಲಿ, ಬಿಸಿಲಿನಲ್ಲಿ, ಹೊರೆ ಹೊತ್ತು. ಮೋಟಾರಿಗೆ ಅದು ಒಂದು ನಿಮಿಷದ ಮಾತೂ ಅಲ್ಲ. ಕೊಪ್ಪಳದ ಪೇಟೆಗೂ, ನೇಕಾರಿಕೆಗೂ ಕೂದಲಿನ ವ್ಯಾಪಾರಕ್ಕೂ ಹೆಸರಾದ ಭಾಗ್ಯನಗರಕ್ಕೂ ನಡುವೆ ಇರುವುದು ರೈಲುದಾರಿಯೊಂದೇ. ಒಂದೇ ಊರಿನ ಎರಡು ಓಣಿಗಳಂತಿರುವ ಇಂತಹ ಕಡೆ, ಶಾಲೆಗೆ ಹೋಗುವ ಹುಡುಗ ಅರ್ಧ ಕಿಲೋಮೀಟರನ್ನು ಆರಿಸಿಕೊಳ್ಳುವನೋ ಇಪ್ಪತ್ತು ಹೆಜ್ಜೆಯನ್ನೋ ಎಂದು ಕೇಳಬೇಕಾಗಿಲ್ಲ.

ಅವನು ಇಪ್ಪತ್ತು ಹೆಜ್ಜೆಯನ್ನು ಆರಿಸಿಕೊಂಡ ಕ್ಷಣದಲ್ಲಿಯೇ ಒಂದು ವಿಚಿತ್ರ ನಡೆಯುತ್ತದೆ. ಗೇಟು ತೆರೆದಿದ್ದಾಗ ಅವನ ಅಜ್ಜ ಅದೇ ಜಾಗದಲ್ಲಿ ಹಕ್ಕಿನಿಂದ ದಾಟಿದ್ದನು. ಅಧಿಕೃತವಾಗಿ ಮುಚ್ಚಿದ ಮೇಲೆ ಮೊಮ್ಮಗ ದಾಟಿದರೆ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅದು ಅಕ್ರಮ ಪ್ರವೇಶ. ಕಾಕೋಡ್ಕರ್ ಸಮಿತಿಯ ವರದಿಯು ಹೀಗೆ ಹಳಿ ದಾಟುವಾಗಲೂ ಹಳಿಯ ಮೇಲೆ ನಡೆಯುವಾಗಲೂ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆಂದು ಅಂದಾಜು ಮಾಡಿತು. ಅಪಘಾತಗಳ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಅಕ್ರಮವಾಗಿ ಬಂದವರೆಂದು ಬೇರೆ ಪಟ್ಟಿಗೆ ಸೇರಿಬಿಡುತ್ತಾರೆ.

*

ಇನ್ನು ಉಳಿದ ಗೇಟಿನ ಕಥೆ. ಸೇತುವೆ ತೆರೆದ ದಿನವೇ ಗೇಟು ಹೋಗಬೇಕೆಂಬುದು ರೈಲ್ವೆಯ ಇಷ್ಟ. ಆದರೆ ರಸ್ತೆ ಅವರದಲ್ಲ; ಸರ್ಕಾರದ್ದೋ ಪುರಸಭೆಯದ್ದೋ ಪಂಚಾಯತಿಯದ್ದೋ ಆಗಿರುತ್ತದೆ. ಅವರ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟರೆ ಊರಿನ ಜನರ ಕೋಪ, ಕೊಡದಿದ್ದರೆ ರೈಲ್ವೆಯ ಪತ್ರಗಳ ಕಾಟ. ಆದ್ದರಿಂದ ಹೌದೆಂದೂ ಅಲ್ಲವೆಂದೂ ಹೇಳದೆ ಕಡತವನ್ನು ಮೇಜಿನ ಮೇಲಿಡುವುದು ಲೋಕರೂಢಿ. ಆ ಕಡತ ಮಲಗಿರುವಷ್ಟು ಕಾಲ ಗೇಟು ನಿಂತಿರುತ್ತದೆ. ಅದಕ್ಕೆ ಕಾವಲೂ ಬೇಕು, ಸಂಬಳವೂ ಬೇಕು. ಕೆಲವೆಡೆ ಗೇಟು ಮುಚ್ಚಿದ ಮೇಲೂ ಕಂಬಗಳನ್ನು ಕೀಳುವವರಿಲ್ಲ. ಬೇಲಿಯ ನಡುವೆ ಬಾಯ್ತೆರೆದು ನಿಂತ ಅಂತಹ ಗೇಟು ಇನ್ನೂ ಕೆಟ್ಟದ್ದು. ‘ಇಲ್ಲಿ ದಾಟಬಹುದು’ ಎಂದು ಅದು ದೂರದಿಂದಲೇ ಕರೆಯುತ್ತದೆ, ಆದರೆ ‘ನಿಂದ್ರು’ ಎನ್ನುವವನು ಅಲ್ಲಿಲ್ಲ.

ಇದು ಈ ನಾಡಿನ ತೊಡಕು ಮಾತ್ರವಲ್ಲ. ಇಂಗ್ಲೆಂಡಿನಲ್ಲಿಯೂ ಸಾರ್ವಜನಿಕ ರಸ್ತೆ ಹೋದ ಮೇಲೆ ಒಬ್ಬಿಬ್ಬರು ರೈತರ ಹಕ್ಕಿಗಾಗಿ ಉಳಿದ ಗೇಟುಗಳುಂಟು. ಆದರೆ ಅಲ್ಲಿ ಅಂತಹ ಎಷ್ಟೋ ಗೇಟುಗಳ ಬಳಿ ದೂರವಾಣಿಯೊಂದನ್ನು ಇಟ್ಟಿರುತ್ತಾರೆ. ರೈತ ತನ್ನ ದನಗಳನ್ನು ದಾಟಿಸುವ ಮೊದಲು ಸಿಗ್ನಲ್ಲಿನವನನ್ನು ಕೇಳುತ್ತಾನೆ, ದಾಟಿದ ಮೇಲೆ ತಿಳಿಸುತ್ತಾನೆ. ದಾಟುವವನು ಒಬ್ಬನೇ ಆದರೂ ಅವನು ಲೆಕ್ಕದಲ್ಲಿದ್ದಾನೆ. ಭಾರತೀಯ ರೈಲ್ವೆಗೂ ಈ ಭಾವನೆ ಹೊಸದಲ್ಲ. ಅದರ ದಾಟುದಾರಿಗಳ ವರ್ಗೀಕರಣದಲ್ಲಿ ದನಗಳ ದಾಟುದಾರಿಗೆಂದೇ ಒಂದು ವರ್ಗವನ್ನು ಇಡಲಾಗಿತ್ತು.

*

ಈ ಮಾತಿಗೆ ಈಗಲೇ ಅವಸರವೇಕೆ ಎಂದರೆ, ಜಿಲ್ಲೆಯಲ್ಲಿ ಹೊಸ ಹಳಿಗಳು ಬೀಳುತ್ತಿವೆ. ಮುನಿರಾಬಾದ್–ಮೆಹಬೂಬನಗರ ಯೋಜನೆಯ ದಾರಿಯಲ್ಲಿ 2019ರಲ್ಲಿ ಗಂಗಾವತಿಗೆ ರೈಲು ಬಂದಿತು. 2024ರಲ್ಲಿ ಅದು ಸಿಂಧನೂರನ್ನು ಮುಟ್ಟಿತು. ಗದಗ–ವಾಡಿ ಯೋಜನೆಯ ದಾರಿಯು ತಳಕಲ್ಲಿನಿಂದ ಕವಲೊಡೆದು ಕುಕನೂರು, ಯಲಬುರ್ಗಾಗಳ ಸೀಮೆಯನ್ನು ಹಾದು 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲನ್ನು ತಂದಿತು. ತಲೆಮಾರುಗಳಿಂದ ಕಾದಿದ್ದ ಜನಕ್ಕೆ ಅದು ಹಬ್ಬದ ದಿನ.

ಹೊಸ ದಾರಿಗಳನ್ನು ಸಾಧ್ಯವಾದಷ್ಟು ಗೇಟುಗಳಿಲ್ಲದೆಯೇ ಕಟ್ಟುವುದು ಈಗಿನ ಪದ್ಧತಿ. ರಸ್ತೆ ಹಳಿಯ ಮೇಲೆ ಹೋಗಬೇಕು, ಇಲ್ಲವೇ ಕೆಳಗೆ ನುಸುಳಬೇಕು. ಕೆಳಗೆ ನುಸುಳುವ ದಾರಿ ನಡೆಯುವವರಿಗೆ ಹಿತ, ದನಕರುಗಳಿಗೂ ಹಿತ. ಆದರೆ ನೆಲವನ್ನು ನೋಡಿ ಕಟ್ಟಬೇಕು. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು, ಭತ್ತದ ಗದ್ದೆ. ನೆಲವನ್ನು ಅಗೆದರೆ ನೀರು ಒಸರುವುದು ಸಹಜ. ಯಲಬುರ್ಗಾ, ಕುಷ್ಟಗಿಗಳ ಎರೆಯ ಭೂಮಿಯಲ್ಲಿ ಮಳೆ ಬಿದ್ದರೆ ನೀರು ಬೇಗನೆ ಇಂಗದು. ಹರಿದುಹೋಗಲು ತಗ್ಗಿನ ಕಡೆ ಕಾಲುವೆಯಿಲ್ಲದಿದ್ದರೆ ಕೆಳಸೇತುವೆ ಒಂದೇ ಮಳೆಗೆ ಹೊಂಡವಾಗುತ್ತದೆ. ಎತ್ತರ ಸಾಲದಿದ್ದರೆ ಮೇವು ಹೇರಿದ ಟ್ರ್ಯಾಕ್ಟರು ಅದರೊಳಗೆ ಹಾಯದು. ಆಗ ಜನ ಏನು ಮಾಡುತ್ತಾರೆಂಬುದಕ್ಕೆ ಹಳೆಯ ಗೇಟುಗಳ ಬುಡದ ಬಿಳಿಯ ಜಾಡೇ ಉತ್ತರ. ಏರಿಯನ್ನು ಹತ್ತಿ ಹಳಿಯನ್ನು ದಾಟುತ್ತಾರೆ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಒಂದು ಗೇಟನ್ನು ಮುಚ್ಚುವ ಮೊದಲು ಚಕ್ರಗಳ ಜೊತೆಗೆ ಕಾಲುಗಳನ್ನೂ ಎಣಿಸಬೇಕು. ಎಣಿಸುವ ದಿನಗಳಲ್ಲಿ ಒಂದು ಸಂತೆಯೂ ಒಂದು ಹುಣ್ಣಿಮೆಯೂ ಸೇರಿರಬೇಕು. ಮೇಲ್ಸೇತುವೆಯ ಜೊತೆಯಲ್ಲಿಯೇ, ಹಳೆಯ ದಾರಿ ಇದ್ದ ಜಾಗದಲ್ಲಿಯೇ, ನಡೆದು ಹೋಗುವವರಿಗೆಂದು ನೀರು ನಿಲ್ಲದ, ದೀಪವುಳ್ಳ ಸಣ್ಣ ಕೆಳದಾರಿಯೊಂದನ್ನು ಕಟ್ಟಬೇಕು. ಅದು ತೆರೆದ ದಿನ ಹಳೆಯ ಗೇಟನ್ನು ಕಂಬ ಸಹಿತ ಕಿತ್ತು ಬೇಲಿಯನ್ನು ಮುಚ್ಚಬೇಕು. ಮೊದಲನೆಯದನ್ನು ಮಾಡದೆ ಎರಡನೆಯದನ್ನು ಮಾಡಿದರೆ ಬೇಲಿ ಉಳಿಯುವುದಿಲ್ಲ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಜೀವ ಉಳಿಯುವುದಿಲ್ಲ.

ಗೇಟು ಹೋದ ಮೇಲೂ ಹೆಸರು ಉಳಿಯುತ್ತದೆ. ಎಷ್ಟೋ ಊರುಗಳಲ್ಲಿ ಗೇಟು ಕಾಣದ ಜಾಗದಲ್ಲಿ ಇಂದಿಗೂ ‘ಗೇಟಿನ ಹತ್ತಿರ ಇಳಿಸಪ್ಪಾ’ ಎಂದು ಬಸ್ಸಿನವನಿಗೆ ಹೇಳುವವರುಂಟು. ಹೆಸರು ಉಳಿದರೆ ನಷ್ಟವಿಲ್ಲ. ಕಂಬದ ಬುಡದ ಆ ಬಿಳಿಯ ಜಾಡು ಹಳಿಯ ಮೇಲಿನಿಂದ ಹಳಿಯ ಕೆಳಗಣ ದಾರಿಗೆ ತಿರುಗಿ, ಹಳೆಯ ಜಾಗದಲ್ಲಿ ಮೆಲ್ಲನೆ ಹುಲ್ಲು ಬೆಳೆದರೆ, ರಸ್ತೆ ನಿಜವಾಗಿ ಮುಚ್ಚಿತೆಂದು ಆಗ ಹೇಳಬಹುದು.